ನೂಲಿನ ಹುಡುಗಿ, ಇನ್ನೂರ ಹದಿನಾಲ್ಕನೆಯ ಸಲ

ಯಜಮಾನ ಸತ್ತಿದ್ದು ತಿಳಿಯದೆ ದಿನಾ ಬೆಳಗಾದರೆ ಅವನ ಬಾಗಿಲ ಮುಂದೆ ಹೋಗಿ ನಿಂತು, “ಇವತ್ತು ಏನಪ್ಪಣೆ?” ಎಂದು ಕೇಳಿ, ಉತ್ತರ ಬಾರದೆ ಸುಮ್ಮನೆ ತಿರುಗಿ ಬರುವ ಆಳೊಬ್ಬನನ್ನು ಕಲ್ಪಿಸಿಕೊಳ್ಳಿ. ಅವನಿಗೆ ಹಸಿವಿಲ್ಲ, ಬೇಸರವಿಲ್ಲ, ಸಾವಂತೂ ಇಲ್ಲವೇ ಇಲ್ಲ. ಅಂಥ ಆಳುಗಳು ಒಂದೊಂದು ಮನೆಯಲ್ಲೂ ಮೂವತ್ತು ನಲವತ್ತು ಜನ ಇದ್ದರೆ? ಆ ಯಜಮಾನನ ಖಾಲಿ ಮನೆಯೊಳಗೆ ಯಾರೋ ಗುರುತಿಲ್ಲದವನು ಬಂದು ಕೂತು, ಬಾಗಿಲ ಸಂದಿಯಿಂದ “ಅಪ್ಪಣೆ ಇದೆ, ಕೇಳಿಸಿಕೋ” ಎಂದುಬಿಟ್ಟರೆ?

ಇನ್ನೊಂದು ಮೂವತ್ತು ವರ್ಷದ ಆಚೆಗಿನ ಮಾತು ಎಂದಿಟ್ಟುಕೊಳ್ಳಿ. ಆ ಹೊತ್ತಿಗೆ ಗದಗ-ಬೆಟಗೇರಿಯವರಿಗೆ ಇದು ಬರೀ ಕಲ್ಪನೆಯಾಗಿ ಉಳಿದಿರಲಿಲ್ಲ. ಪ್ರತಿ ತಂತ್ರಾಂಶವೂ ಮನೆಯ ಕಂಪ್ಯೂಟರಿಗೆ ಬರುವಾಗ ಜೊತೆಗೊಂದು ಅಪ್‌ಡೇಟರನ್ನು ಕರೆದುಕೊಂಡೇ ಬರುತ್ತಿತ್ತು. ದಿನಕ್ಕೊಮ್ಮೆ ಕಂಪನಿಯ ವಿಳಾಸಕ್ಕೆ ಹೋಗಿ ಹೊಸದೇನಾದರೂ ಇದೆಯೇ ಎಂದು ಕೇಳುವುದು, ಇದ್ದರೆ ತಂದು ಹಾಕುವುದು, ಇಷ್ಟೇ ಅದರ ಕೆಲಸ. ಹಾಕುವಾಗ ಮನೆಯವರನ್ನು ಕೇಳುವುದಿಲ್ಲ. ಕೇಳಬೇಡ ಎಂದು ಮನೆಯವರೇ ಮೊದಲ ದಿನ ಓದದೆ ಒತ್ತಿ ಒಪ್ಪಿರುತ್ತಾರೆ. ಕಂಪನಿಗಳು ಹುಟ್ಟಿದವು, ಮುಚ್ಚಿದವು. ತಂತ್ರಾಂಶಗಳನ್ನು ಜನ ಮರೆತರು. ಅಪ್‌ಡೇಟರುಗಳು ಮಾತ್ರ ದಿನವೂ ಹೋಗಿ ಖಾಲಿ ಬಾಗಿಲು ತಟ್ಟುತ್ತಲೇ ಇದ್ದವು. ಹಿಂದಿನ ವರ್ಷ ಯಾವುದೋ ಊರಿನಲ್ಲಿ ಮುಚ್ಚಿಹೋದ ಆಟಿಕೆ ಕಂಪನಿಯೊಂದರ ವಿಳಾಸವನ್ನು ಯಾರೋ ಹಿಡಿದುಕೊಂಡು, ಮಕ್ಕಳ ಯಂತ್ರದ ನಾಯಿಯ ಅಪ್‌ಡೇಟರಿನ ಮೂಲಕ ಇಡೀ ಬಡಾವಣೆಯ ಮನೆಬಾಗಿಲುಗಳನ್ನು ಒಂದೂವರೆ ದಿನ ತೆರೆಯದಂತೆ ಮಾಡಿದ್ದರು. ಅದಾದ ಮೇಲೆಯೇ ನಗರಸಭೆಗೆ ಎಚ್ಚರವಾಗಿದ್ದು.

ಹಳೇ ನೀರಿನ ಟಾಕಿಯ ಪಕ್ಕದ ಕಟ್ಟಡದ ಮಹಡಿಯಲ್ಲಿ ಅನಾಥ ಅಪ್‌ಡೇಟರುಗಳ ತೆರವು ಕೇಂದ್ರ. ಗೋಡೆ ತುಂಬ ಊರಿನ ನಕ್ಷೆ, ನಕ್ಷೆ ತುಂಬ ಮನೆಗಳ ಚುಕ್ಕಿ. ಎಲ್ಲಿ ಅಪ್‌ಡೇಟರು ಸತ್ತ ವಿಳಾಸದ ಬಾಗಿಲು ತಟ್ಟುತ್ತದೋ ಅಲ್ಲಿ ಕೆಂಪಗೆ ಮಿನುಗುತ್ತದೆ. ಮುಕ್ತಾ ಅಲ್ಲಿ ಎರಡು ವರ್ಷದಿಂದ ಕೆಲಸಕ್ಕಿದ್ದಳು. ವಯಸ್ಸು ಮೂವತ್ತೊಂದು. ಕಿಟಕಿಯಿಂದ ದೂರದ ಕಪ್ಪತಗುಡ್ಡದ ಗಾಳಿಯಂತ್ರಗಳು ಕಾಣುತ್ತಿದ್ದವು. ಅವು ತಿರುಗುವುದನ್ನು ನೋಡುತ್ತ ಕೂತರೆ ಅವಳಿಗೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಒಂದೊಂದು ಅಪ್‌ಡೇಟರನ್ನು ಅಳಿಸುವಾಗಲೂ ಅವಳು ಮೆಲ್ಲಗೆ, “ಹೋಗಿ ಬಾ. ನಿನ್ನ ಧಣಿ ತೀರಿಹೋಗಿ ಆರು ವರ್ಷ ಆತು. ಇನ್ನ ಕಾಯೂದು ಸಾಕು” ಅನ್ನುತ್ತಿದ್ದಳು.

“ಯವ್ವಾ ಮುಕ್ತವ್ವಾ, ಅದಕ್ಕೇನು ಕುಪ್ಪಸ ಸೀರಿ ಉಡಿಸಿ ಕಳಸಾಕತ್ತೀಯೇನ?” ಎಂದು ನಗುತ್ತಿದ್ದ ದಸ್ತಗೀರಸಾಬ. ಅವನು ಕೇಂದ್ರದ ಹಿರಿಯ. ಬಿಳಿ ಗಡ್ಡ, ಕೈಯಲ್ಲಿ ಸದಾ ಅರ್ಧ ಕುಡಿದ ಚಹಾದ ಗ್ಲಾಸು. ಮುಕ್ತಾ ಅವನನ್ನು ಮಾಮಾ ಎನ್ನುತ್ತಿದ್ದಳು.

ತೆರವು ಮಾಡುವಾಗ ಪರದೆ ಎರಡು ದಾರಿ ತೋರಿಸುತ್ತದೆ. ಅಪ್‌ಡೇಟರನ್ನು ಮಾತ್ರ ತೆಗೆಯುವುದು ಒಂದು. ಅದು ಇಷ್ಟು ವರ್ಷ ತಂದು ಹಾಕಿದ್ದನ್ನೆಲ್ಲ ಸಹಿತ ತೆಗೆದು ವಸ್ತುವನ್ನು ಮೊದಲ ದಿನ ಇದ್ದಂತೆ ಮಾಡುವುದು ಇನ್ನೊಂದು. ಕೇಂದ್ರದ ನಿಯಮ ಮೊದಲನೆಯದು. ಎರಡನೆಯದನ್ನು ಒತ್ತಿದರೆ ಜನ ದೂರು ತರುತ್ತಾರೆ. ಅವರಿಗೆ ಬದಲಾದದ್ದೇ ರೂಢಿಯಾಗಿರುತ್ತದೆ. ಸಾವಿರದ ನಾನೂರು ಮನೆಗಳಲ್ಲಿ ಮುಕ್ತಾ ಒಮ್ಮೆಯೂ ಎರಡನೆಯದನ್ನು ಒತ್ತಿರಲಿಲ್ಲ.

ಆದರೆ ಆ ಗುರುವಾರ ನಕ್ಷೆಯಲ್ಲಿ ಬೆಟಗೇರಿಯ ನೇಕಾರ ಓಣಿಯ ಒಂದು ಚುಕ್ಕಿ ಕೆಂಪಗೆ ಮಿನುಗಿತು. ದಸ್ತಗೀರಸಾಬ ಕನ್ನಡಕ ಏರಿಸಿ ನೋಡಿದ.

“ಇದು ಯಾರ ಮನಿ? ನಲವತ್ತೊಂದು ಅದಾವಲ್ಲ! ಇದೇನು ಮನಿಯೋ ಧರ್ಮಶಾಲೆಯೋ?”

ಮುಕ್ತಾ ತಲೆ ತಗ್ಗಿಸಿದಳು. “ನಮ್ಮದ ಮಾಮಾ.”

“ಅಲಲಲಾ! ಊರ ಮಂದಿ ಮನಿ ಕಸಾ ಬಳದಾಕಿ, ನಿನ್ನ ಅಂಗಳದಾಗ ತಿಪ್ಪಿ ಇಟ್ಕೊಂಡೀಯಲ್ಲವ್ವಾ. ಯಾಕ?”

“ಅದರಾಗ ನಮ್ಮ ಆಯಿ ಅದಾಳ,” ಎಂದಳು ಮುಕ್ತಾ. “ಕೈ ಹಚ್ಚಾಕ ಅಂಜಿಕಿ.”

ದಸ್ತಗೀರಸಾಬ ಚಹಾದ ಗ್ಲಾಸು ಕೆಳಗಿಟ್ಟ. “ನಾಳೆ ಮುಂಜಾನೆ ನಾನೂ ಇರ್ತೇನಿ. ಇಬ್ರೂ ಕೂಡಿ ಇಲ್ಲಿಂದನ ತಗಿಯೋಣು. ನಿಮ್ಮ ಆಯಿಗಿ ಏನೂ ಆಗೂದಿಲ್ಲ.”

*

ಅಜ್ಜಿಯನ್ನು ಆ ಮನೆಯಲ್ಲಿ ಆಯಿ ಎನ್ನುತ್ತಿದ್ದರು. ಹೆಸರು ನಾಗವ್ವ, ಮುಕ್ತಾಳ ತಾಯಿಯ ತಾಯಿ. ಕೈ ನಡುಗಿ ಮಗ್ಗ ಬಿಟ್ಟ ಮೇಲೆ ಅವಳ ಹತ್ತಿರ ಉಳಿದದ್ದು ಕಥೆಗಳು. ಮುಕ್ತಾಗೆ ಒಂಬತ್ತು ವರ್ಷ ಇದ್ದಾಗ ‘ಕಥೆಗೂಡು’ ಎಂಬ ಕಂಪನಿಯವರು ಓಣಿ ಓಣಿ ತಿರುಗಿ ಅಜ್ಜಿಯರ ಕಥೆಗಳನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಡುತ್ತಿದ್ದರು. ಆಯಿ ಒಂದೇ ಕರಾರು ಹಾಕಿದಳು: ಕೇಳುವವರು ಹೂಂಗುಟ್ಟದಿದ್ದರೆ ಕಥೆ ಮುಂದೆ ಹೋಗಕೂಡದು. ಆ ಸೀಮೆಯಲ್ಲಿ ಅದೇ ಪದ್ಧತಿ. ಹೇಳುವವಳು ಒಂದು ಮಾತು ಹೇಳಿ ತಡೆಯುತ್ತಾಳೆ, ಕೇಳುವವರು ಹೂಂ ಅನ್ನಬೇಕು. ಅಂದರೆ ಕಥೆ ನಡೆಯುತ್ತದೆ, ಇಲ್ಲವಾದರೆ ಅಲ್ಲಿಗೇ ನಿಲ್ಲುತ್ತದೆ. ಕಂಪನಿಯವರು ಖುಷಿಯಿಂದ ಒಪ್ಪಿದರು.

ಆಯಿ ತೀರಿಕೊಂಡು ಇಪ್ಪತ್ತೆರಡು ವರ್ಷ. ಹಿಂದೆ ದೀಪ ಇಡುತ್ತಿದ್ದ ಗೋಡೆಯ ಗೂಡಿನಲ್ಲಿ ಈಗ ಕಂಪ್ಯೂಟರು ಕೂತಿತ್ತು. ದೀಪ ಹಚ್ಚುವ ಹೊತ್ತಾದರೆ ಅದೇ ಗೂಡಿನಿಂದ ಆಯಿಯ ಧ್ವನಿ ಕೇಳುತ್ತಿತ್ತು.

ಆ ಸಂಜೆಯೂ ತಾಯಿ ಮಗಳು ಮೊರದ ಎರಡೂ ಕಡೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಾಯಿ ಶಾಂತವ್ವ ರೊಟ್ಟಿ ಕೇಂದ್ರದಲ್ಲಿ ದಿನಕ್ಕೆ ಇನ್ನೂರು ರೊಟ್ಟಿ ಬಡಿದು ಬಂದವಳು. ಮೊಣಕೈವರೆಗೂ ಹಿಟ್ಟಿನ ವಾಸನೆ.

“ಒಂದು ನೇಕಾರರ ಮನಿ,” ಎಂದಿತು ಗೂಡು.

“ಹೂಂ,” ಎಂದಳು ಅವ್ವ. ಯಾವಾಗಲೂ ಅವಳ ಹೂಂ ಮೊದಲು.

“ಅಲ್ಲೊಂದು ಹುಡುಗಿ. ಅಕಿ ಲಾಳಿ ಎಸೀಬೇಕಾದ್ರ ನೋಡ್ತಾಳ, ಒಂದು ನೂಲು ಮಗ್ಗದಾಗಿಂದ ಎದ್ದು, ಗ್ವಾಡಿ ತೂತಿನ್ಯಾಗ ತೂರಿ ಹೊರಗ ಹೊಂಟೈತಿ.”

“ಹೂಂ,” ಎಂದಳು ಮುಕ್ತಾ.

ಹುಡುಗಿ ನೂಲಿನ ಹಿಂದೆ ಹೋಗುತ್ತಾಳೆ. ಏಳು ಹಗಲು ನಡೆಯುತ್ತಾಳೆ. ಬೋಳುಗುಡ್ಡದ ನೆತ್ತಿಯ ಮೇಲೆ ಒಬ್ಬ ಮುದುಕಿ ಆಕಾಶದ ಚುಕ್ಕಿಗಳನ್ನು ಹತ್ತಿಯ ಹಾಗೆ ಹಿಂಜಿ ಹಿಂಜಿ ನೂಲುತ್ತ ಕೂತಿರುತ್ತಾಳೆ. ತಲೆ ಎತ್ತಿ ಕೇಳುತ್ತಾಳೆ: “ಏ ಹುಡುಗೀ, ಮುಂದ ಹೋಗ್ತೀಯೋ, ತಿರುಗಿ ಹೋಗ್ತೀಯೋ?” ಹುಡುಗಿ ತನ್ನ ಅವ್ವನನ್ನು ನೆನೆದು ಅಳುತ್ತಾಳೆ. ನೂಲನ್ನು ಉಂಡೆ ಸುತ್ತಿಕೊಳ್ಳುತ್ತ ಬಂದ ಹಾದಿ ಹಿಡಿಯುತ್ತಾಳೆ.

ಮುಕ್ತಾ ಈ ಜಾಗ ಬಂದಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳಿಗೆ ಲಡಾಖಿನ ಖಗೋಳ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಚುಕ್ಕಿಗಳನ್ನು ಹತ್ತಿರದಿಂದ ನೋಡುವ ವಿದ್ಯೆ. ಹೊರಡುವುದಕ್ಕೆ ಎರಡು ದಿನ ಇರುವಾಗ ಇದೇ ಕಥೆ ಕೇಳಿದಳು. ಹುಡುಗಿ ತಿರುಗಿ ಬಂದಳು, ಹೊಸ್ತಿಲಲ್ಲಿ ಅವಳ ಅವ್ವ ಅಂಬಲಿ ಹಿಡಿದು ನಿಂತಿದ್ದಳು. ಮುಕ್ತಾ ಆ ರಾತ್ರಿಯ ಊಟ ಬಿಟ್ಟು, ಮರುದಿನ ಬರುವುದಿಲ್ಲವೆಂದು ಬರೆದು ಕಳಿಸಿದಳು. ಯಾರೂ ಅವಳಿಗೆ ಹೋಗಬೇಡ ಎಂದಿರಲಿಲ್ಲ. ಆಯಿಯೇ ಹೇಳಿದಂತಾಯಿತಲ್ಲ, ಇನ್ನೇನು?

ಒಂದೇ ಒಂದು ಸಲ ಅವಳಿಗೆ ಅನುಮಾನ ಬಂದದ್ದುಂಟು. ಆ ವರ್ಷವೇ, ಒಂದು ಸಂಜೆ ಹೂಂ ಅನ್ನುವುದನ್ನು ಬಿಟ್ಟು, “ಅವ್ವಾ, ಸಣ್ಣಾಕಿ ಇದ್ದಾಗ ನಾ ಕೇಳಿದ ಕಥಿಯಾಗ ಅಕಿ ಮುಂದ ಹೋಗ್ತಿದ್ಲಲ್ಲೇನ?” ಎಂದು ಕೇಳಿದ್ದಳು. ಅವ್ವ ನಕ್ಕು, “ಇಲ್ಲಲೇ. ನಿನಗ ಕನಸು ಬಿದ್ದಿರಬೇಕು. ಹಗಲೆಲ್ಲಾ ಕನಸಿನ್ಯಾಗ ಇರಾಕಿ ನೀ,” ಎಂದಿದ್ದಳು. ಹೌದಿರಬೇಕು ಅಂದುಕೊಂಡಳು ಮುಕ್ತಾ. ಊರೆಲ್ಲ ಅವಳನ್ನು ಹಾಗೇ ಅನ್ನುತ್ತಿತ್ತು.

“ಹಾದಿಯಾಗ ಅಕಿಗೆ ಬಾಯಾರಿಕಿ ಆತು,” ಗೂಡಿನ ಧ್ವನಿ ನಡೆದಿತ್ತು. “ಆವಾಗ ಜ್ವಾಳದ ಚೀಲ ಹೇರಿದ ಬಂಡಿ ಬಂತು. ಬಂಡಿ ಹೊಡಿಯಾಂವ ಹೆಂಡ್ತಿ ಕಳಕೊಂಡಾಂವ. ಮಾರಿ ಮಾತ್ರ ತಣ್ಣಗಿತ್ತು. ಅಂವ ನೀರು ಕೊಟ್ಟ.”

“ಹೂಂ,” ಎಂದಳು ಅವ್ವ.

“ಹೂಂ,” ಎಂದಳು ಮುಕ್ತಾ, ಕ್ಷಣ ತಡೆದು.

ಈ ಬಂಡಿಯವನು ಕಥೆಯಲ್ಲಿ ಮೊದಲಿನಿಂದ ಇದ್ದನೇ? ಇದ್ದಿರಬೇಕು. ಈ ನಾಲ್ಕು ತಿಂಗಳಿಂದ ಅವನು ಅವಳ ಮನಸ್ಸಿನಲ್ಲಿ ಸುಳಿಯುತ್ತಿದ್ದ. ರೋಣದಲ್ಲಿ ಕಾಳಿನ ಅಂಗಡಿ ಇಟ್ಟ, ಹೆಂಡತಿ ತೀರಿಕೊಂಡ ಅಂದಾನಪ್ಪ ಎಂಬುವವರ ಸಂಬಂಧವನ್ನು ಅವ್ವ ತಂದಾಗ ಮುಕ್ತಾ ಮೊದಲು ಬೇಡವೆಂದಿದ್ದಳು. ಆಮೇಲೆ, ಯಾಕೋ, ಮೆತ್ತಗಾದಳು. ಬರುವ ರವಿವಾರ ಅವರು ನೋಡಲು ಬರುವವರಿದ್ದರು.

“ಚಲೋ ಮನಷ್ಯಾ,” ಎಂದಳು ಅವ್ವ ಅವರೆಕಾಳಿನಲ್ಲಿ ಕೈಯಾಡಿಸುತ್ತ.

“ಯಾರು, ಬಂಡಿಯಾಂವ?” ಎಂದಳು ಮುಕ್ತಾ.

ಇಬ್ಬರೂ ನಕ್ಕರು.

*

ಮರುದಿನ ಮುಂಜಾನೆ ದಸ್ತಗೀರಸಾಬ ಹೊಸ ಚಹಾ ಹಾಕಿಸಿಕೊಂಡು ಕಾದಿದ್ದ. ಮುಕ್ತಾಳ ಮನೆಯ ಚುಕ್ಕಿಯನ್ನು ದೊಡ್ಡದು ಮಾಡಿ ಪರದೆ ತುಂಬ ಹರಡಿದರು. ಹಳೇ ಪ್ರಿಂಟರಿನದು, ಶಾಲೆಯ ಗಣಿತದ ಆಟದ್ದು, ಎಂದೋ ಕೆಟ್ಟ ಫ್ರಿಜ್ಜಿನದು, ಕಂಪ್ಯೂಟರಿಗೆ ರೋಗ ಬರದಂತೆ ಕಾಯುತ್ತೇನೆಂದು ಬಂದು ತಾನೇ ಸತ್ತ ಕಂಪನಿಯದು. ಒಂದೊಂದಾಗಿ ಹೋದವು. ಮುಕ್ತಾ ಒಂದೊಂದಕ್ಕೂ ಹೋಗಿ ಬಾ ಎಂದಳು. ನಲವತ್ತು ಮುಗಿದವು.

“ಇದು ಕಡೀದು. ಕಥೆಗೂಡು. ಕಂಪನಿ ಮುಚ್ಚಿ ಒಂಬತ್ತು ವರ್ಷ ಅಂತ ಐತಿ,” ಎಂದ ದಸ್ತಗೀರಸಾಬ. ಆಮೇಲೆ ಗಡ್ಡ ಕೆರೆದುಕೊಂಡ. “ತಡಿ. ಇದು ಅನಾಥ ಅಲ್ಲವ್ವಾ.”

“ಅಂದ್ರ?”

“ಬಾಗಲಾ ತಟ್ಟಿದ್ರ ಒಳಗಿಂದ ಉತ್ತರಾ ಬರಾಕತ್ತೈತಿ. ಹ್ವಾದ ಸೋಮವಾರನೂ ಒಂದು ಬಂದೈತಿ.”

ಇಂಥದಕ್ಕೇ ಅವರು ಕೇಂದ್ರದಲ್ಲಿ ಕೂತದ್ದು. ಕಳ್ಳ ಯಜಮಾನ. “ಯಾರೋ ವಿಳಾಸ ಹಿಡಕೊಂಡಾರ ಮಾಮಾ. ಎಲ್ಲಿಂದ ಬರಾಕತ್ತೈತಿ ನೋಡ್ರಿ. ಹೊರದೇಶದ್ದೇನ?”

ದಸ್ತಗೀರಸಾಬ ಉತ್ತರದ ಹಾದಿ ಹಿಡಿದು ಹಿಂದೆ ಹಿಂದೆ ಹೋದ. ನಕ್ಷೆಯ ಮೇಲೆ ಒಂದು ಗೆರೆ ಮೂಡಿತು. ಅದು ದೇಶ ಬಿಟ್ಟು ಹೋಗಲಿಲ್ಲ, ಊರು ಬಿಟ್ಟೂ ಹೋಗಲಿಲ್ಲ. ಬೆಟಗೇರಿಯ ನೇಕಾರ ಓಣಿಯಿಂದ ಹೊರಟು, ಒಂದು ಸುತ್ತು ಹಾಕಿ, ಹೊರಟಲ್ಲಿಗೇ ಬಂದು ಕೂತಿತು.

“ನಿಮ್ಮ ಮನಿಯಿಂದನ ಬರಾಕತ್ತೈತಿ,” ಎಂದ ಅವನು ನಿಧಾನವಾಗಿ. “ಒಂದು ಫೋನಿನಿಂದ. ಕಂಪನಿ ಮುಚ್ಚುವಾಗ ಇದರ ಅಧಿಕಾರಾನ ಮನಿ ಯಜಮಾನಗ ಕೊಟ್ಟು ಹೋಗ್ಯಾರ.” ಅವನು ಕೊನೆಯ ನಾಲ್ಕು ಅಂಕೆ ಓದಿದ.

ಅವ್ವನ ನಂಬರು ಮುಕ್ತಾಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿತ್ತು.

ದಸ್ತಗೀರಸಾಬನಿಗೆ ಅವಳ ಮುಖ ನೋಡಲಾಗಲಿಲ್ಲ. “ಇದನ್ನ ನಾ ಅಳಸೂದಿಲ್ಲವ್ವಾ. ನೀ ಮನಿಗಿ ಹೋಗು. ಒಳಗೊಂದು ದಿನಚರಿ ಇರತೈತಿ, ಏನೇನು ತಂದು ಹಾಕೇತಿ ಅಂತ. ಮೊದಲ ಅದನ್ನ ಓದು.”

*

ಮಧ್ಯಾಹ್ನದ ಬಿಸಿಲಲ್ಲಿ ಓಣಿಯಲ್ಲಿ ಮಗ್ಗಗಳ ಸದ್ದು ಬಿಟ್ಟರೆ ಯಾರೂ ಇರಲಿಲ್ಲ. ಅವ್ವ ರೊಟ್ಟಿ ಕೇಂದ್ರದಿಂದ ಬರಲು ಇನ್ನೂ ಹೊತ್ತಿತ್ತು. ಮುಕ್ತಾ ಗೂಡಿನ ಮುಂದೆ ಸ್ಟೂಲು ಎಳೆದುಕೊಂಡು ಕೂತಳು.

ದಿನಚರಿ ತೆರೆಯಿತು. ‘ನೂಲಿನ ಹುಡುಗಿ’ಯ ಹೆಸರಿನ ಮುಂದೆ ತಿದ್ದುಪಡಿಗಳ ಲೆಕ್ಕ: ಇನ್ನೂರ ಹದಿನಾಲ್ಕು.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಇದು ಆಯಿ ಹೇಳಿದ್ದನ್ನು ಇಟ್ಟುಕೊಂಡ ಪೆಟ್ಟಿಗೆ ಎಂದೇ ಅವಳು ತಿಳಿದಿದ್ದಳು. ತಿಜೋರಿಯ ಹಾಗೆ, ಹಾಕಿದ್ದನ್ನು ಹಾಗೇ ತೆಗೆದುಕೊಡುವುದು. ಆದರೆ ಕಥೆಗೂಡು ಆಯಿಯ ಕಂಠವನ್ನು ಕಲಿತಿತ್ತು. ಆ ಕಂಠದಲ್ಲಿ ಏನು ಬೇಕಾದರೂ ಹೇಳಬಲ್ಲದಾಗಿತ್ತು. ‘ಮನೆಯವರ ಇಚ್ಛೆ’ ಎಂದು ಒಂದು ಜಾಗ. ಅಲ್ಲಿ ಬಾಯಿಂದ ಹೇಳಿದರೆ ಸಾಕು, ಅಪ್‌ಡೇಟರು ಅದನ್ನು ಹೊತ್ತುಕೊಂಡು ಹೋಗಿ, ಬದಲಾದ ಕಥೆಯನ್ನು ತಂದು ಹಾಕುತ್ತಿತ್ತು.

ಮೊದಲನೆಯದು ಆಯಿ ಸತ್ತ ಹದಿಮೂರನೆಯ ದಿನದ್ದು. *ಕಥೆ ಅಪೂರ್ಣವಿದೆ. ಮನೆಯವರ ಇಚ್ಛೆ: ಕೂಸು ಮುಂದೇನಾತು ಅಂತ ಭಾಳ ಅಳಾಕತ್ತೈತಿ. ಕಥಿ ಮುಗಸ್ರಿ.*

ಮುಕ್ತಾ ಅದನ್ನು ಎರಡು ಸಲ ಓದಿದಳು. ಕಥೆ ಅಪೂರ್ಣ. ಹಾಗಾದರೆ ಆಯಿ ಅದನ್ನು ಮುಗಿಸಿಯೇ ಇರಲಿಲ್ಲ. ಕೆಳಗೆ ಯಂತ್ರ ತಾನೇ ಹೊಸೆದ ಮುಕ್ತಾಯ ಇತ್ತು: *ಹುಡುಗಿ ಮುಂದೆ ಹೋಗುತ್ತಾಳೆ, ಚುಕ್ಕಿಗಳ ತೋಟ ನೋಡುತ್ತಾಳೆ. ಕೇಳುಗ, ಮಗು: ಎಲ್ಲ ಕಡೆ ಹೂಂ ಬಂದಿದೆ. ಉಳಿಸಿದೆ.*

ಕನಸಲ್ಲ. ಅವಳು ಕೇಳಿದ್ದಳು. ಹತ್ತು ವರ್ಷ ಅದನ್ನೇ ಕೇಳಿ ಬೆಳೆದಿದ್ದಳು.

ಹತ್ತು ವರ್ಷ ಏನೂ ಇಲ್ಲ. ಆಮೇಲೆ, ಲಡಾಖಿಗೆ ಅರ್ಜಿ ಹಾಕಿದ ತಿಂಗಳು: *ಮನೆಯವರ ಇಚ್ಛೆ: ಹುಡುಗಿ ಮುಂದ ಹೋಗಬಾರದು. ತಿರುಗಿ ಮನಿಗಿ ಬರಬೇಕು. ಅಕಿಗೆ ತಿಳೀಲಾರದಂಗ ಮಾಡ್ರಿ.*

ತಿಳಿಯದ ಹಾಗೆ ಮಾಡುವುದಕ್ಕೆ ಯಂತ್ರ ಹಿಡಿದ ದಾರಿಯನ್ನು ಮುಕ್ತಾ ಸಾಲು ಸಾಲಾಗಿ ಓದಿದಳು. ಅದು ಹೂಂ ಅನ್ನೇ ಅಳತೆಗೋಲು ಮಾಡಿಕೊಂಡಿತ್ತು. ಒಂದು ಸಂಜೆ ಹುಡುಗಿ ಹೆಜ್ಜೆ ಇಡುವ ಮುಂಚೆ ಒಮ್ಮೆ ಹಿಂದೆ ನೋಡುತ್ತಾಳೆ, ಅಷ್ಟೇ. ಮುಕ್ತಾಳ ಹೂಂ ಬೇಗ ಬಂದರೆ ಅದು ಉಳಿಯುತ್ತದೆ. ತಡವಾದರೆ ಮರುದಿನ ತೆಗೆದುಹಾಕಿ, ಇನ್ನೂ ಸಣ್ಣದು ಮಾಡಿ ಮತ್ತೆ ಸೇರಿಸುತ್ತದೆ. ಇನ್ನೊಂದು ವಾರ ಕಥೆಯ ಹುಡುಗಿಗೆ ಅವ್ವನ ನೆನಪಾಗುತ್ತದೆ. ಇನ್ನೊಂದು ವಾರ ಕಾಲು ನಡುಗುತ್ತದೆ. ಹತ್ತು ತಿಂಗಳು ಹೀಗೆ, ಒಂದೊಂದು ಎಳೆ ಕಿತ್ತು ಒಂದೊಂದು ಎಳೆ ಹಾಕಿ, ನೇಯ್ದ ಬಟ್ಟೆಯ ಬಣ್ಣವನ್ನೇ ಬದಲಿಸಿತ್ತು. ಪ್ರತಿ ಎಳೆಯ ಮುಂದೆಯೂ ಅವಳದೇ ಒಪ್ಪಿಗೆ ಬರೆದಿತ್ತು. *ಹೂಂ ಬಂದಿದೆ. ಉಳಿಸಿದೆ. ಹೂಂ ಬಂದಿದೆ. ಉಳಿಸಿದೆ.*

ಒಂದು ಕಡೆ ಮಾತ್ರ ಬೇರೆ ಇತ್ತು. *ಹೂಂ ಬಂದಿಲ್ಲ. ಕೇಳುಗರು ಪ್ರಶ್ನೆ ಕೇಳಿದ್ದಾರೆ. ಕನಸು ಬಿದ್ದಿರಬೇಕು ಎಂದು ಮನೆಯವರು ಸಮಾಧಾನ ಹೇಳಿದ್ದಾರೆ. ಆಮೇಲೆ ಹೂಂ ಬಂದಿದೆ. ಉಳಿಸಿದೆ.*

ಮುಕ್ತಾ ಎದ್ದು ಹೋಗಿ ಗಡಿಗೆಯ ನೀರು ಕುಡಿದಳು. ಮತ್ತೆ ಬಂದು ಕೂತು ಕೊನೆಗೆ ಹೋದಳು. ನಾಲ್ಕು ತಿಂಗಳ ಹಿಂದಿನದು: *ತಿರುಗಿ ಬರೂ ಹಾದಿಯಾಗ ಒಬ್ಬಾಂವ ಸಿಗಲಿ. ಕಾಳಿನ ವ್ಯಾಪಾರದಾಂವ. ಎರಡನೇ ಸಂಬಂಧ ಅಂತ ಅಕಿ ಮೂಗು ಮುರಿಯಾಕತ್ತಾಳ. ಅಂವನ ಮ್ಯಾಲೆ ಅಕಿಗೆ ಕರುಣೆ ಬರೂಹಂಗ ಇರಲಿ.* ಹೋದ ಸೋಮವಾರದ್ದು: *ನೀರಷ್ಟ ಸಾಲೂದಿಲ್ಲ. ಬಂಡಿ ಹತ್ತಲಿ.*

ಹಾಗಾದರೆ ಇವತ್ತೋ ನಾಳೆಯೋ ಹುಡುಗಿ ಬಂಡಿ ಹತ್ತುವವಳಿದ್ದಳು. ರವಿವಾರದ ಹೊತ್ತಿಗೆ.

ಚುಕ್ಕಿಗಳ ಆಸೆ ಯಂತ್ರ ಕೊಟ್ಟದ್ದು. ಆ ಆಸೆ ಬಿಟ್ಟದ್ದು ಅವ್ವ ಬಿಡಿಸಿದ್ದು. ಹಾಗಾದರೆ ಈ ಮೂವತ್ತೊಂದು ವರ್ಷದಲ್ಲಿ ತಾನು ತಾನಾಗಿ ಮಾಡಿದ್ದು ಯಾವುದು? ಬರೀ ಹೂಂ ಅಂದದ್ದೇ? ಅವಳು ಸುತ್ತಲೂ ನೋಡಿದಳು. ಅದೇ ಮೊರ, ಅದೇ ಒನಕೆ, ಗೋಡೆಗೆ ಒರಗಿಸಿದ ಆಯಿಯ ಹಳೇ ಲಾಳಿ. ಯಾವುದೂ ಅವಳ ಕಡೆ ನೋಡುತ್ತಿರಲಿಲ್ಲ.

ಚಪ್ಪಲಿ ಬಿಡುವ ಸದ್ದಾಯಿತು.

“ಯಾಕಲೇ, ಇಷ್ಟ್ ಲಗೂ ಬಂದಿ? ಮೈಯಾಗ ಆರಾಮಿಲ್ಲೇನ?” ಎನ್ನುತ್ತ ಅವ್ವ ಒಳಗೆ ಬಂದಳು. ಸೆರಗಿನಲ್ಲಿ ನಾಲ್ಕು ರೊಟ್ಟಿ ಕಟ್ಟಿಕೊಂಡಿದ್ದಳು. ಪರದೆ ನೋಡಿದಳು. ರೊಟ್ಟಿಯ ಗಂಟು ಕೈಯಲ್ಲೇ ಉಳಿಯಿತು.

ಪರದೆಯ ಮೇಲೆ ಎರಡು ದಾರಿ ಕಾಣುತ್ತಿದ್ದವು. ಅಪ್‌ಡೇಟರನ್ನು ಮಾತ್ರ ತೆಗೆಯುವುದು. ತಂದು ಹಾಕಿದ್ದೆಲ್ಲವನ್ನೂ ಸಹಿತ ತೆಗೆಯುವುದು.

“ಅದನ್ನ ಒತ್ತಬ್ಯಾಡ,” ಎಂದಳು ಅವ್ವ. ಧ್ವನಿ ಸಣ್ಣದಾಗಿತ್ತು. “ಕೈಮುಗಿತೇನಿ ಮುಕ್ತಾ. ಅದರಾಗ ನಿಮ್ಮ ಆಯಿ ಅದಾಳ.”

“ಎಲ್ಲಿ ಅದಾಳ? ತೋರಸು.”

ಮುಕ್ತಾ ಎರಡನೆಯದನ್ನು ಒತ್ತಿದಳು.

ಇನ್ನೂರ ಹದಿನಾಲ್ಕು ತಿದ್ದುಪಡಿಗಳು ಒಂದೊಂದಾಗಿ ಬಿಚ್ಚಿಕೊಳ್ಳತೊಡಗಿದವು. ಬಂಡಿ ಹೋಯಿತು, ಬಂಡಿಯವನು ಹೋದ. ಹೊಸ್ತಿಲ ಮೇಲೆ ಅಂಬಲಿ ಹಿಡಿದು ನಿಂತ ತಾಯಿ ಹೋದಳು. ಚುಕ್ಕಿಗಳ ತೋಟವೂ ಹೋಯಿತು. ಪರದೆ ಖಾಲಿಯಾಗಿ, ಆಮೇಲೆ ಗೂಡಿನಿಂದ ಗರಗರ ಸದ್ದು ಬಂತು.

ಇದು ಬೇರೆಯೇ ಧ್ವನಿ. ಇಷ್ಟು ವರ್ಷ ಕೇಳಿದ್ದಕ್ಕಿಂತ ಒರಟು, ದಮ್ಮು ಹತ್ತಿದ ಧ್ವನಿ. ನಡುನಡುವೆ ಕೆಮ್ಮು. ಹಿಂದೆ ಪಕ್ಕದ ಮನೆಯ ಮಗ್ಗ. ಪ್ರತಿ ಮಾತಿಗೂ ಒಂದು ಎಳೆಯ ಕಂಠ, ಹೂಂ, ಹೂಂ, ಎಂದು ಆತುರದಿಂದ. ಒಂಬತ್ತು ವರ್ಷದ ತನ್ನ ದನಿಯನ್ನು ಮುಕ್ತಾ ಗುರುತಿಸಿದಳು.

ನೂಲು ಗೋಡೆ ದಾಟಿತು. ಏಳು ಹಗಲು ಕಳೆದವು. ಪುಟ್ಟ ಮುಕ್ತಾಳ ಹೂಂ ತೂಕಡಿಸತೊಡಗಿತು. ಗುಡ್ಡದ ಮೇಲೆ ಮುದುಕಿ ತಲೆ ಎತ್ತಿದಳು.

“ಏ ಹುಡುಗೀ, ಮುಂದ ಹೋಗ್ತೀಯೋ, ತಿರುಗಿ ಹೋಗ್ತೀಯೋ?”

ಹೂಂ ಬರಲಿಲ್ಲ. ಮಗ್ಗದ ಸದ್ದಷ್ಟೇ.

“ಮುಕ್ತಾ... ಏ ಕೂಸ... ನಿದ್ದಿ ಹತ್ತೇತಿ ನೋಡ ಇದಕ್ಕ,” ಆಯಿ ಮೆಲ್ಲಗೆ ನಕ್ಕಳು. ಕೆಮ್ಮಿದಳು. “ಶಾಂತಾ, ಈ ಮಿಷಿನ್ನ ಆರಸವ್ವಾ. ಅಕಿನ್ನ ಎಬ್ಬಸಬ್ಯಾಡ. ಮುಂದಿಂದ ನಾ ಹೇಳಾಕಿ ಅಲ್ಲ. ಅಕೀಗೆ ಎಚ್ಚರಾದ ಮ್ಯಾಲೆ ಅಕಿನ ಹೇಳ್ಲಿ, ಎತ್ತಾಗ ಹೋಗ್ತಾಳಂತ. ನೀ ನಡಕ ಬಾಯಿ ಹಾಕಬ್ಯಾಡ. ತಿಳೀತಿಲ್ಲೋ?”

ಆಮೇಲೆ ಮೂರನೆಯ ಕಂಠವೊಂದು ಕೇಳಿತು, ಹರೆಯದ ಹೆಂಗಸಿನ ಕಂಠ, ಸ್ಪಷ್ಟವಾಗಿ:

“ಹೂಂ.”

ಅದು ಅವ್ವನದು.

ಧ್ವನಿಮುದ್ರಣ ಮುಗಿಯಿತು. ಅವ್ವ ಕಂಬ ಹಿಡಿದು ನಿಂತಿದ್ದಳು. ಮುಕ್ತಾ ತಿರುಗಿ ನೋಡಿದಳು.

“ನೀ ಹೂಂ ಅಂದಿದ್ದಿ,” ಎಂದಳು.

“ಮುಕ್ತಾ...”

“ಆಯಿಗಿ ಹೂಂ ಅಂದಿದ್ದಿ ಅವ್ವಾ. ನನಗ ಕನಸು ಬಿದ್ದೈತಿ ಅಂದಿ.” ಅವಳು ಗೂಡಿನ ಪರದೆ ಆರಿಸಿದಳು. “ರೋಣದಾವರಿಗೆ ಫೋನ್ ಮಾಡಿ ರವಿವಾರ ಬರಬ್ಯಾಡ್ರಿ ಅಂತ ಹೇಳು. ಆ ಪಾಪದ ಮನಷ್ಯಾಗೂ ಗೊತ್ತಿರಾಕಿಲ್ಲ, ಅಂವನ್ನ ನೀ ಯಾವ ಬಂಡಿ ಮ್ಯಾಲೆ ಕುಂಡ್ರಿಸಿದ್ದಿ ಅಂತ.”

ಅವ್ವ ಕೆಳಗೆ ಕೂತಳು. ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಅದನ್ನೇ ನೋಡುತ್ತ ಹೇಳತೊಡಗಿದಳು.

“ನಿಮ್ಮಪ್ಪ ಮನಿ ಬಿಟ್ಟು ಹ್ವಾದ ದಿನದ್ದು ನಿನಗ ಎಂದೂ ಹೇಳಿಲ್ಲ ನಾ. ಇವತ್ತ ಹೇಳ್ತೇನಿ, ಕೇಳು. ಸಮುದ್ರದಾಗಿನ ಗಾಳಿಯಂತ್ರದ ಕೆಲಸ, ಭಾಳ ಚಲೋ ಕೆಲಸ ಅಂದ. ನಿನಗಾಗ ಎರಡು ವರ್ಷ.”

ಅವಳು ತಡೆದಳು. ತಡೆಯಬೇಕೆಂದು ತಡೆದದ್ದಲ್ಲ, ಒಂದು ಮಾತು ಹೇಳಿ ತಡೆಯುವುದು ಅವಳ ನಾಲಗೆಗೇ ರೂಢಿಯಾಗಿತ್ತು.

ಮುಕ್ತಾ ಗೋಡೆಗೆ ಒರಗಿಸಿದ್ದ ಲಾಳಿಯನ್ನು ಕೈಗೆತ್ತಿಕೊಂಡಿದ್ದಳು. ಅದರ ತುದಿಯ ತಗಡನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದಳು.

“ನಾ ಬಾಗಲ್ದಾಗ ನಿಂತಿದ್ನಿ,” ಎಂದಳು ಅವ್ವ, ಮಗಳ ಮುಖ ನೋಡುತ್ತ. “ನೀ ನನ್ನ ಬಗಲಾಗ. ಅಂವ ಚೀಲ ಹೆಗಲಿಗಿ ಹಾಕ್ಕೊಂಡ. ಹೊಸ್ತಿಲ ಮ್ಯಾಲೆ ಕಾಲಿಟ್ಟ.”

ಮತ್ತೆ ತಡೆದಳು. ಪಕ್ಕದ ಮನೆಯ ಮಗ್ಗ ಒಂದೇ ಸಮ ಬಡಿಯುತ್ತಿತ್ತು.

“ಹೂಂ ಅನ್ನಲೇ ಮುಕ್ತಾ,” ಎಂದಳು ಅವ್ವ.

ಮುಕ್ತಾ ಲಾಳಿ ನೋಡುತ್ತಲೇ ಇದ್ದಳು.

ಹೂಂ ಬಾರದೆ ಅವ್ವನ ಕಥೆ ಅಲ್ಲಿಗೇ ನಿಂತಿತು. ಅಪ್ಪ ಚೀಲ ಹೆಗಲಿಗೇರಿಸಿಕೊಂಡು ಆ ಹೊಸ್ತಿಲ ಮೇಲೇ ನಿಂತುಬಿಟ್ಟ. ಮುಂದಕ್ಕೂ ಹೋಗಲಿಲ್ಲ, ತಿರುಗಿಯೂ ಬರಲಿಲ್ಲ.